ತೆಗೆದದ್ದೆಲ್ಲ ವಾಪಸ್ ಬೇಕು

ನಮ್ಮಪ್ಪ ಯಾರನ್ನೂ ನಂಬುತ್ತಿರಲಿಲ್ಲ. ರೇಡಿಯೋ ರಿಪೇರಿಗೆ ಕೊಟ್ಟರೆ ಹಳೆಯ ವಾಲ್ವ್, ಗಡಿಯಾರ ಕೊಟ್ಟರೆ ತುಂಡಾದ ಸ್ಪ್ರಿಂಗ್, ಎಲ್ಲವನ್ನೂ ವಾಪಸ್ ಕೇಳಿ ತರುತ್ತಿದ್ದರು. ಹಳೆಯದು ಕೈಗೆ ಬಂದರೆ ಮಾತ್ರ ಹೊಸದು ಹಾಕಿದ್ದು ನಿಜ ಎಂಬುದು ಅವರ ಲೆಕ್ಕ. ಮುಂಬೈನ ಆಂಟಾಪ್ ಹಿಲ್‌ನ ನಮ್ಮ ಪುಟ್ಟ ಮನೆಯಲ್ಲಿ ಇಂಥ ಕೆಟ್ಟ ಸಾಮಾನಿಗೆಂದೇ ಒಂದು ಡಬ್ಬಿ ಇತ್ತು.

ಇದರ ಕಾರಣ ಅಪ್ಪನ ಬಾಯಲ್ಲೇ ಇತ್ತು. ಧಾರವಾಡದಿಂದ ಮುಂಬೈಗೆ ಬಂದ ಹೊಸತರಲ್ಲಿ, ಫುಟ್‌ಪಾತ್ ಮೇಲೆ ಕೂತು ಹಲ್ಲು ಕೀಳುವವನೊಬ್ಬ ಹುಳುಕು ಹಲ್ಲನ್ನು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನೇ ಕಿತ್ತಿದ್ದ. ತೋರಿಸು ಎಂದರೆ ಗಟಾರಕ್ಕೆ ಎಸೆದೆ ಎಂದನಂತೆ. ಮುಂದಿನ ಆ ಸಂದಿ ಕಾಣಬಾರದೆಂದು ಅಪ್ಪ ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ನಾನೂ ಅವರ ಮಗಳೇ. ತೊಂಬತ್ತರ ದಶಕದ ಶುರುವಿನಲ್ಲಿ ಫೋರ್ಟ್‌ನ ಒಂದು ಆಫೀಸಿನಲ್ಲಿ ರಿಸೆಪ್ಷನಿಸ್ಟ್ ಆದೆ. ಸೊಟ್ಟ ಹಲ್ಲು ನೆಟ್ಟಗೆ ಮಾಡಿಸಿಕೊಳ್ಳುವ ಆಸೆಯಾಯಿತು. ಮುಂದಿನ ಮೇಜಿನಲ್ಲಿ ಕೂರುವವಳ ಬಾಯಲ್ಲಿ ಸ್ಟೀಲ್ ಮಿಂಚುವುದು ಬೇಡವೆಂದು, ಆಗಷ್ಟೇ ಬಂದಿದ್ದ ಸೆರಾಮಿಕ್ ಬ್ರ್ಯಾಕೆಟ್ ಹಾಕಿಸಿಕೊಂಡೆ. ಪಿಂಗಾಣಿಯಂಥ ಬಿಳಿ ತುಣುಕುಗಳನ್ನು ಹಲ್ಲಿಗೆ ಅಂಟಿಸಿ ತಂತಿ ಪೋಣಿಸುತ್ತಿದ್ದರು. ಘಾಟ್ಕೋಪರ್‌ನ ಹಲ್ಲಿನ ಡಾಕ್ಟರು ಅದನ್ನು ಹಾಕಿದ ದಿನವೇ ಕನ್ನಡಿ ಹಿಡಿದು, ನನ್ನ ಮುಂದಿನ ಹಲ್ಲೊಂದರಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದ್ದರು. ಚಿಕ್ಕಂದಿನಲ್ಲಿ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಬಿದ್ದದ್ದರ ಗುರುತು ಅದು.

ಹಲ್ಲು ನೆಟ್ಟಗಾಗಿ ಬ್ರ್ಯಾಕೆಟ್ ತೆಗೆಸುವ ದಿನ ಹತ್ತಿರ ಬಂದಾಗ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಜೊತೆಗೆ ಬರುವವಳೊಬ್ಬಳು, "ಸೆರಾಮಿಕ್ ಹಲ್ಲಿನ ಚಕ್ಕೆ ಕಿತ್ಕೊಂಡೇ ಬರ್ತದಂತೆ" ಎಂದು ಹುಳ ಬಿಟ್ಟಳು. ಅಪ್ಪನಿಗೆ ಹೇಳಿದ್ದೇ ತಡ, ರಜೆ ಹಾಕಿ ನನ್ನೊಂದಿಗೆ ಹೊರಟೇ ಬಿಟ್ಟರು.

ಕುರ್ಚಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಬಾಯಿ ತೆರೆದರು. "ನಿಕಾಲಾ ಹುವಾ ಸಬ್ ವಾಪಸ್ ದೇನೇ ಕಾ, ಡಾಕ್ಟರ್. ಪೂರಾ." ತೆಗೆದದ್ದೆಲ್ಲ ವಾಪಸ್ ಕೊಡಬೇಕು, ಒಂದೂ ಬಿಡದೆ, ಎಂದು.

ಡಾಕ್ಟರು ನಕ್ಕು ಕೆಲಸಕ್ಕಿಳಿದರು. ಬ್ರ್ಯಾಕೆಟ್ ಸುತ್ತಲಿನ ಅಂಟನ್ನು ಮೊದಲು ಸವೆಸಿ, ಇಕ್ಕಳದಿಂದ ಬುಡವನ್ನು ಮೆತ್ತಗೆ ಅದುಮುತ್ತಿದ್ದರು. ಟಕ್ ಎಂದು ಒಂದೊಂದೇ ಬಿಡುತ್ತಿತ್ತು. ನಾಲಿಗೆಗೆ ಒರಟು ತಾಗಿತು. ಹಲ್ಲಿನ ಚಕ್ಕೆ ಎದ್ದೇಹೋಯಿತು ಎಂದು ಬೆರಳಿಟ್ಟು ತೋರಿಸಿದೆ. ಅದು ಉಳಿದ ಅಂಟು, ಅಂಟು ಹಲ್ಲಿನ ಮೇಲೆ ಉಳಿದರೇ ಒಳ್ಳೆಯದು, ಆಮೇಲೆ ಪಾಲಿಶ್ ಮಾಡುತ್ತೇನೆ ಎಂದರು ಡಾಕ್ಟರು. ನಾನು ನಂಬಲಿಲ್ಲ. ಅಪ್ಪ ಪ್ರತಿ ತುಣುಕನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಹಲ್ಲಿನ ಚೂರು ಅಂಟಿದೆಯೇ ಎಂದು ನೋಡಿ, ಕರ್ಚೀಫಿನಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಬಿರುಕಿನ ಹಲ್ಲು ಬಂದಾಗ ಡಾಕ್ಟರು ಇಕ್ಕಳ ಕೆಳಗಿಟ್ಟರು. ಇದಕ್ಕೆ ಒತ್ತಡ ಕೊಡುವುದು ಬೇಡ, ನೀರು ಬಿಡುತ್ತ ಡ್ರಿಲ್ಲಿನಿಂದ ಬ್ರ್ಯಾಕೆಟ್ಟನ್ನೇ ಪುಡಿ ಮಾಡುತ್ತೇನೆ ಎಂದರು.

ಅಪ್ಪ ನನ್ನತ್ತ ಬಾಗಿದರು. "ಪುಡಿ ಮಾಡಿದ್ರ ಕೈಗೆ ಏನ್ ಬರ್ತದವಾ? ಅದರ ಜೋಡಿ ಹಲ್ಲೂ ಪುಡಿ ಆತಂದ್ರ ಯಾರಿಗೆ ತಿಳೀತದ?" ಡಾಕ್ಟರಿಗೆ ಹಿಂದಿಯಲ್ಲಿ ಒಂದೇ ಮಾತು: ಪೂರಾ ವಾಪಸ್ ಬೇಕು.

ಡಾಕ್ಟರ ಮುಖ ಕೆಂಪಾಯಿತು. ಸರಿ, ಇಕ್ಕಳದಿಂದಲೇ ತೆಗೆಯುತ್ತೇನೆ, ಚಕ್ಕೆ ಎದ್ದರೆ ಆಮೇಲೆ ನನ್ನನ್ನು ಕೇಳಬೇಡಿ ಎಂದು ಮತ್ತೆ ಇಕ್ಕಳ ಎತ್ತಿಕೊಂಡರು. ಅವರನ್ನು ನಂಬಲು ನನಗೆ ಯಾವ ಆಧಾರವೂ ಇರಲಿಲ್ಲ. ಆದರೆ ಇಕ್ಕಳದ ತಣ್ಣನೆಯ ತುದಿ ತಾಗಿದ ಕೂಡಲೇ ಅವರ ಕೈ ತಳ್ಳಿದೆ.

"ಅಪ್ಪಾ, ಆ ತುಣುಕು ಬ್ಯಾಡ. ನನಗ ನನ್ನ ಹಲ್ಲು ಬೇಕು!" ಬಾಯಲ್ಲಿ ಹತ್ತಿ ತುರುಕಿದ್ದರೂ ಕೂಗಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿರಬೇಕು.

ಅಪ್ಪ ಡ್ರಿಲ್ಲಿನತ್ತ ಕೈ ತೋರಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಡಾಕ್ಟರ ಭುಜದ ಪಕ್ಕ ಬಂದು ನಿಂತರು. ಡ್ರಿಲ್ ಕಿರ್ರೆನ್ನುತ್ತಿದ್ದಷ್ಟು ಹೊತ್ತೂ ಅವರು ಕಣ್ಣು ಮಿಟುಕಿಸಿದ್ದನ್ನು ನಾನು ನೋಡಲಿಲ್ಲ. ಬಿಳಿ ಪುಡಿ ನೀರಿನಲ್ಲಿ ಬೆರೆತು, ಬಾಯಿಯ ನೀರು ಹೀರುವ ನಳಿಗೆಯೊಳಗೆ ಹೋಯಿತು. ಪಾಲಿಶ್ ಮುಗಿದ ಮೇಲೆ ಡಾಕ್ಟರು ಕನ್ನಡಿ ಕೊಟ್ಟರು. ಬಿರುಕು ಇದ್ದಷ್ಟೇ ಇತ್ತು.

ಮನೆಯಲ್ಲಿ ಅವ್ವ ಕರ್ಚೀಫ್ ಬಿಚ್ಚಿ, ತುಣುಕುಗಳನ್ನು ನನ್ನ ಹಲ್ಲುಗಳಿಗೆ ತಾಳೆ ಹಾಕಿದಳು. "ಇದರಾಗ ಒಂದು ಕಮ್ಮಿ ಅದಲ್ರೀ?"

"ಇರ್ಲಿ ಬಿಡು. ಅದು ಪುಡಿ ಆಗೋದನ್ನ ನಾ ಕಣ್ಣಾರೆ ನೋಡೇನಿ" ಎಂದರು ಅಪ್ಪ. ನನ್ನ ಗದ್ದ ಹಿಡಿದೆತ್ತಿ, "ಇದನ್ನ ನೋಡು. ಹೆಂಗಿತ್ತು ಹಂಗ ಅದ" ಎಂದು ನಕ್ಕರು. ಅವರ ಮುಂದಿನ ಹಲ್ಲಿನ ಸಂದಿಯನ್ನು ನಾನು ಅಷ್ಟು ಸರಿಯಾಗಿ ನೋಡಿದ್ದು ಅದೇ ಮೊದಲು. ಅವರ ಕೈ ನನ್ನ ಗದ್ದದ ಮೇಲೆಯೇ ಇತ್ತು.