ಮಾಳಪ್ಪ ಕೆಡವಿದ ವಿಕೆಟ್ಟು

ಮೊನ್ನೆ ಬಾಗಲಕೋಟೆಯ ಕ್ಷೌರದಂಗಡಿಯಲ್ಲಿ ನನ್ನ ಅರ್ಧ ಗಡ್ಡ ಹಾಗೇ ಉಳಿದಿತ್ತು. ಟಿವಿಯಲ್ಲಿ ಯಾವನೋ ಬೌಲರನ ಹಿಮ್ಮಡಿ ಗೆರೆ ದಾಟಿತೋ ಇಲ್ಲವೋ ತೀರ್ಮಾನವಾಗುವವರೆಗೆ ಕತ್ತಿ ಕೆಳಗಿಳಿಯುವಂತಿರಲಿಲ್ಲ. ಒಂದೇ ಹಿಮ್ಮಡಿಯನ್ನು ನಾಲ್ಕು ದಿಕ್ಕಿನಿಂದ ತೋರಿಸಿದರು. ಇಷ್ಟು ಕ್ಯಾಮೆರಾಗಳು ಅಂದು ಹುನಗುಂದದಲ್ಲಿ ಇದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ನೆನೆದು ನೊರೆಯೊಳಗೇ ಬೆವತೆ. ಕೇಳಿ, ಯಾಕೆಂದು ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ಹುನಗುಂದದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ನಮ್ಮ ಸಾಹೇಬರಿಗೆ ಕ್ರಿಕೆಟ್ ಹುಚ್ಚು. ಹಾಗಾಗಿ ಕಚೇರಿಗೆಲ್ಲ ಹುಚ್ಚು. ರೇಡಿಯೋದ ಇಂಗ್ಲಿಷ್ ಕಾಮೆಂಟರಿಗೆ ಸಾಹೇಬರು ಆಹಾ ಅಂದಲ್ಲಿ ನಾವೂ ಆಹಾ ಅನ್ನುತ್ತಿದ್ದೆವು. ಔಟಾದವನು ನಮ್ಮವನೋ ಎದುರಿನವನೋ ಆಮೇಲೆ ತಿಳಿಯುತ್ತಿತ್ತು. ಕ್ರಿಕೆಟ್ ಜಗತ್ತನ್ನು ಗೆದ್ದದ್ದು ಹೀಗೆಯೇ ಇರಬೇಕೆಂದು ನನ್ನ ಗುಮಾನಿ. ವೆಸ್ಟ್ ಇಂಡೀಸು, ಆಸ್ಟ್ರೇಲಿಯಾ, ನಾವು: ಇಂಗ್ಲಿಷರು ಎಲ್ಲೆಲ್ಲಿ ಸಾಹೇಬರಾಗಿದ್ದರೋ ಅಲ್ಲೆಲ್ಲ ಈ ಆಟ ಬೇರುಬಿಟ್ಟಿತು.

ಹೀಗೆಂದರೆ ಗಲಗಲಿ ಮಾಸ್ತರರಿಗೆ ಸಿಟ್ಟು. ಅವರು ಸಾಲೆಯಲ್ಲಿ ಇತಿಹಾಸ ಕಲಿಸುವವರು. ಬ್ಯಾಟು ಮುಟ್ಟಿದವರಲ್ಲ, ಆದರೆ ಊರಿನ ಎಲ್ಲ ಪಂದ್ಯಕ್ಕೂ ಅವರೇ ಅಂಪೈರ್. "ಇದು ಸಾಹೇಬರ ಆಟ ಅಲ್ಲಪಾ. ಇಂಗ್ಲೆಂಡಿನಾಗ ಕುರಿ ಕಾಯೋರು ಹುಟ್ಟಿಸಿದ್ದು ಅಂತಾರ. ಕೈಯಾಗಿನ ಕೋಲೇ ಬ್ಯಾಟು, ಕುರಿದೊಡ್ಡಿ ಬಾಗಲಾನೇ ವಿಕೆಟ್ಟು. ಇದರಾಗ ದೊಡ್ಡಾಂವ ಸಣ್ಣಾಂವ ಅನ್ನೂದಿಲ್ಲ."

ನಾವು ಆಡುತ್ತಿದ್ದದ್ದು ಊರ ಹೊರಗಿನ ಗಾಯರಾಣದಲ್ಲಿ, ಅಂದರೆ ದನಕುರಿ ಮೇಯಲೆಂದು ಬಿಟ್ಟ ಬಯಲಿನಲ್ಲಿ. ರವಿವಾರ ಬಂತೆಂದರೆ ಕುರಿಗಳನ್ನು ಅಂಚಿಗೆ ಅಟ್ಟುತ್ತಿದ್ದೆವು. ಅವುಗಳ ಒಡೆಯ ಮಾಳಪ್ಪ ಕಂಬಳಿ ಹಾಸಿ ದೂರ ಕೂತು ನೋಡುತ್ತಿದ್ದ. ಕುರಿಗಾರರ ದೇವರು ಬೀರಪ್ಪನ ಭಕ್ತ, ಇಪ್ಪತ್ತೈದರ ಪ್ರಾಯ, ಮಾತು ಕಡಿಮೆ. ಚೆಂಡು ತನ್ನತ್ತ ಬಂದರೆ ಕೂತಲ್ಲಿಂದಲೇ ಒಗೆಯುತ್ತಿದ್ದ. ನೇರ ಕೀಪರನ ಕೈಗೆ.

ಒಂದು ರವಿವಾರ ಇಳಕಲ್ಲಿನ ನೇಕಾರರ ತಂಡ ಆಡಲು ಬಂತು. ಒಬ್ಬ ಕಡಿಮೆ ಬಿದ್ದ. ಅವರು ಮಾಳಪ್ಪನನ್ನು ಕರೆದರು. ಅವನು ಮಾಸ್ತರರ ಮುಖ ನೋಡಿದ.

"ನಾ ಆಡಬೌದೇನ್ರಿ?"

"ನಿಮ್ಮ ಆಟಾನೇ ಇದು. ಬಾರಪಾ!" ಎಂದ ಮಾಸ್ತರರು, ಮೊಣಕೈ ಮಡಚದೆ ಒಗೆಯುವುದನ್ನು ತಾವೇ ತೋರಿಸಿಕೊಟ್ಟರು.

ಕಡೆಗೆ ಬ್ಯಾಟಿಂಗಿಗೆ ಉಳಿದವರು ನಾನು ಮತ್ತು ಸಾಹೇಬರು. ಸಾಹೇಬರ ಐವತ್ತಕ್ಕೆ ಇನ್ನೆರಡೇ ರನ್ ಬೇಕು. ಅಷ್ಟರೊಳಗೆ ಎರಡು ಸಲ ಔಟಾಗಿದ್ದರು. ಒಮ್ಮೆ ಕಣ್ಣಿಗೆ ಧೂಳು ಬಿತ್ತೆಂದು, ಇನ್ನೊಮ್ಮೆ "ನಾ ರೆಡಿ ಇರಲಿಲ್ಲ" ಎಂದು ಉಳಿದುಕೊಂಡಿದ್ದರು. ಮಾಳಪ್ಪ ಬರಿಗಾಲಲ್ಲಿ ಓಡಿಬಂದ. ನಾನು ನಿಂತಿದ್ದು ಅವನ ಪಕ್ಕದಲ್ಲೇ. ಅವನ ಪಾದ ಗೆರೆಗಿಂತ ಒಂದು ಗೇಣು ಹಿಂದಿತ್ತು. ಸಾಹೇಬರ ನಡುವಿನ ಸ್ಟಂಪು ಕಿತ್ತುಹೋಗಿ ದೂರ ಬಿತ್ತು.

ಇಳಕಲ್ಲಿನವರು ಕುಣಿದರು. ಸಾಹೇಬರು ಅಲುಗಲಿಲ್ಲ, ಮಾಸ್ತರರನ್ನೇ ದಿಟ್ಟಿಸಿದರು. ಮೇಲೇಳುತ್ತಿದ್ದ ಮಾಸ್ತರರ ಕೈ ಅರ್ಧಕ್ಕೇ ಅಡ್ಡ ತಿರುಗಿತು. "ನೋ-ಬಾಲ್."

"ಕಾಲು ಗೆರಿ ದಾಟಿಲ್ರಿ," ಎಂದ ಮಾಳಪ್ಪ. ಆಮೇಲೆ ನನ್ನತ್ತ ತಿರುಗಿದ. "ನೀವು ಬಾಜೂಕ ಇದ್ರಿ. ಖರೆ ಹೇಳ್ರಿ."

ಬಾಗಲಕೋಟೆಗೆ ವರ್ಗ ಮಾಡಿಕೊಡಿ ಎಂಬ ನನ್ನ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು.

"ದಾಟಿತ್ತು," ಎಂದೆ. "ಒಂದು ಬೆರಳಷ್ಟು."

ಅಳತೆ ಯಾರೂ ಕೇಳಿರಲಿಲ್ಲ. ಸುಳ್ಳು ಗಟ್ಟಿಯಾಗಲೆಂದು ನಾನೇ ಜೋಡಿಸಿದ್ದೆ.

ಮಾಳಪ್ಪ ಬಾಯೊಳಗೆ ಎರಡು ಬೆರಳಿಟ್ಟು ಸೀಟಿ ಹೊಡೆದ. ಅಂಚಿನಲ್ಲಿದ್ದ ಕುರಿಗಳೆಲ್ಲ ಪಿಚ್ಚಿನ ಮೇಲೆ ಹರಿದುಬಂದವು. ಸಾಹೇಬರು ಬ್ಯಾಟು ಬೀಸಿದರು, ಹೇ ಹೇ ಎಂದರು. ಆ ಬಯಲಿನಲ್ಲಿ ಅವರಿಗೆ ಹೆದರದಿದ್ದವರು ಮಾಳಪ್ಪ ಮತ್ತು ಅವನ ಕುರಿಗಳು ಮಾತ್ರ. ಸಾಹೇಬರ ಇನಿಂಗ್ಸು ನಲವತ್ತೆಂಟಕ್ಕೇ ನಿಂತಿತು.

ಮರುದಿನ ಮಾಸ್ತರರು ಮಾಳಪ್ಪನ ಮನೆಗೆ ಹೋಗಿ, "ಔಟ್ ಆಗಿತ್ತಪಾ, ನಂದು ತಪ್ಪಾತು," ಎಂದು ಬಂದರು. ಮತ್ತೆಂದೂ ಅಂಪೈರಾಗಿ ನಿಲ್ಲಲಿಲ್ಲ. ಹೋಗುವಾಗ ನನ್ನನ್ನೂ ಕರೆದಿದ್ದರು. ನನಗೆ ತಲೆನೋವಿತ್ತು. ತಿಂಗಳೊಳಗೆ ಬಾಗಲಕೋಟೆಗೆ ವರ್ಗವಾಯಿತು, ತಲೆನೋವೂ ಹೋಯಿತು.

ಮೊನ್ನೆ ಕ್ಷೌರ ಮುಗಿದದ್ದೇ ಹುನಗುಂದದ ಬಸ್ಸು ಹತ್ತಿದೆ. ಮಾಳಪ್ಪ ಮನೆಯ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಎಪ್ಪತ್ತರ ಆಸುಪಾಸು, ಆದರೂ ಗುರುತು ಹಿಡಿದ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಕೈಕೊಟ್ಟಿತು.

"ಅವತ್ತ ನಿನ್ನ ಕಾಲು ಗೆರಿ ದಾಟಿರಲಿಲ್ಲ ಮಾಳಪ್ಪ. ನಾ ನೋಡಿದ್ದೆ."

"ಗೊತ್ತೈತ್ರಿ. ಕಾಲು ನಂದಲ್ಲೇನ್ರಿ?" ಅವನ ಕೈ ನೂಲುವುದನ್ನು ನಿಲ್ಲಿಸಲಿಲ್ಲ. "ಬಾಗಲಕೋಟಿಂದ ದಿನಾ ಇಷ್ಟು ಬಸ್ ಬರ್ತಾವಲ್ರಿ. ಇಷ್ಟು ವರ್ಷ ಒಂದೂ ಸಿಗಲಿಲ್ಲೇನ್ರಿ ನಿಮಗ?"

"ಸಿಗ್ತಿದ್ದವು," ಎಂದೆ. "ನಾ ಹತ್ತಲಿಲ್ಲ."

ಮಾಳಪ್ಪ ಕಟ್ಟೆಯ ಮೇಲೆ ಒಂದಿಷ್ಟು ಸರಿದ. ಕೂಡ್ರಿ ಎನ್ನಲಿಲ್ಲ. ನಾನು ಕೂತೆ.