ಬನ್ಸ್ ತಟ್ಟೆಯ ಮುಂದೆ ವಂಶವೃಕ್ಷ

ದುಬೈಯ ಕರಾಮದ ಉಡುಪಿ ಹೋಟೆಲಿನಲ್ಲಿ ಬನ್ಸ್ ತಣ್ಣಗಾಗುತ್ತಿತ್ತು. ಎದುರಿಗೆ ಕೂತಿದ್ದ ಲ್ಯೂಕ್ ಮತ್ತು ಕ್ಲೇರ್ ಅದನ್ನು ಮುಟ್ಟಿರಲೇ ಇಲ್ಲ. ನನ್ನ ಪಕ್ಕ ಕೂತಿದ್ದವರು, ನನ್ನನ್ನು ಮೈಸೂರಿನಿಂದ ಇಲ್ಲಿಗೆ ಕೆಲಸಕ್ಕೆ ಕರೆಸಿಕೊಂಡಿದ್ದ ಉಡುಪಿಯ ಶಾಂಭವಿ ಅಕ್ಕ; ಇವರಿಬ್ಬರೂ ಅವರ ಆಫೀಸಿನವರು. ಇಬ್ಬರದೂ ಕೆನಡಾದ ಫ್ರೆಂಚ್ ಸೀಮೆ ಕ್ವಿಬೆಕ್. ಮುಂದಿನ ತಿಂಗಳು ಮದುವೆ. ತಮ್ಮೂರ ಚರ್ಚುಗಳ ಹಳೆಯ ದಾಖಲೆಗಳನ್ನು ಫೋನಿನಲ್ಲೇ ಹುಡುಕುತ್ತ, ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೇಲೇರಿದವರು ನಿನ್ನೆ ಒಬ್ಬನೇ ಮೂಲಪುರುಷನನ್ನು ಮುಟ್ಟಿದ್ದರು: ಫ್ರಾನ್ಸಿನಿಂದ ಹಡಗು ಹತ್ತಿ ಬಂದ ಒಬ್ಬ ಬಡಗಿ.

"ಹಾಗಾದರೆ ನಾವು ಸಂಬಂಧಿಕರಾ?" ಕ್ಲೇರ್ ಅರ್ಧ ನಗುತ್ತ, ಅರ್ಧ ಹೆದರಿ ಕೇಳಿದಳು.

ಅಕ್ಕ ವಿಚಾರಣೆಗಿಳಿದರು. ಅವರ ಇಂಗ್ಲಿಷಿಗೂ ಉಡುಪಿಯದೇ ರಾಗ. "ಇಬ್ಬರದ್ದೂ ಅಪ್ಪನ ಕಡೆಯಿಂದ ಅಲ್ವಾ? ಅಮ್ಮ, ಅಮ್ಮನ ಅಮ್ಮ?"

"ಅವರೆಲ್ಲ ಬೇರೆ ಬೇರೆ ಮನೆತನ," ಎಂದ ಲ್ಯೂಕ್.

"ಮತ್ತೆಂತ ಮಾರಾಯ್ರೆ! ನಮ್ಮಲ್ಲಿ ಕುಲಕ್ಕೆ ಬರಿ ಅಂತೇವೆ. ಅದು ಬರುವುದು ತಾಯಿಯಿಂದ. ನಿಮ್ಮದು ಬರಿ ಬೇರೆ ಬೇರೆ. ಖಲಾಸ್, ಧಾರಾಳ ಮದುವೆ ಆಗಿ!"

ಇಬ್ಬರೂ ಗೆದ್ದವರಂತೆ ಬನ್ಸಿಗೆ ಕೈಹಾಕಿದರು.

ನಮ್ಮ ಮನೆಯಲ್ಲಿ ಗೋತ್ರ ಬರುವುದು ಅಪ್ಪನಿಂದ. ಆ ಲೆಕ್ಕದಲ್ಲಿ ಇವರು ಅಣ್ಣ ತಂಗಿ. ಹೇಳೋಣವೆಂದು ಬಾಯಿ ತೆರೆದೆ.

ಅಕ್ಕ ತಟ್ಟನೆ ಕನ್ನಡಕ್ಕೆ ತಿರುಗಿದರು: "ನೀವು ಸುಮ್ಮನೆ ಬನ್ಸ್ ತಿನ್ನಿ."