ಮೂರು ಮೊಳದ ತೆರವು

ಕಾಂತಮ್ಮ ಇಪ್ಪತ್ತೆರಡು ವರ್ಷದಲ್ಲಿ ಸಂತೆಗೆ ಬಾರದೆ ಉಳಿದದ್ದು ಒಂದೇ ಸೋಮವಾರ. ಆ ದಿನ ಶಾಂಭವಿಗೆ ಒಳಗೊಳಗೇ ಖುಷಿಯಾಗಿತ್ತು. ಆ ಖುಷಿಗೆ ಅವಳು ತನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ.

ಶಾಂಭವಿ ಸೋಮವಾರಪೇಟೆಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವಳು. ಕಾಂತಮ್ಮ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆ ಹಿಂದಿನ ಅರ್ಧ ಎಕರೆಯಲ್ಲಿ ತಾನೇ ಬೆಳೆದ ಹಸಿಶುಂಠಿ, ಸೂಜಿಮೆಣಸು ಹೊತ್ತು, ಎರಡು ಬಸ್ಸು ಬದಲಿಸಿ ಸಂತೆಗೆ ಬರುವವಳು. ಮೆಣಸನ್ನು ತೂಗುತ್ತಿರಲಿಲ್ಲ, ಮುಷ್ಟಿಯಲ್ಲಿ ಅಳೆಯುತ್ತಿದ್ದಳು. ಬಾಣಂತಿ ಇರುವ ಮನೆಗೆ ಅಂದರೆ ಶುಂಠಿಯನ್ನು ಸುಮ್ಮನೆ ಕೊಟ್ಟುಬಿಡುತ್ತಿದ್ದಳು.

ಸಂತೆಯ ಗೋಡೆಯ ಹೊರಗೆ ನೆಲದ ಮೇಲೆ ಕೂರುವವರ ಸಾಲು ಅದು. ಗುರುತಿಲ್ಲ, ನಂಬರಿಲ್ಲ. ಹನ್ನೊಂದು ವರ್ಷದ ಹಿಂದೆ ಶುಂಠಿ ಆರಿಸಲು ಬಗ್ಗಿದ ಶಾಂಭವಿ, "ಇಲ್ಲಿ ಜಾಗ ಹಂಚೋರು ಯಾರು?" ಎಂದು ಕೇಳಿದ್ದಳು.

"ಯಾರೂ ಇಲ್ಲ ಮೇಡಂ. ಈ ಕಡೆ ಗಿರಿನ ನೋಡ್ತೀನಿ, ಆ ಕಡೆ ತಂಗಮ್ಮನ ನೋಡ್ತೀನಿ. ಇಬ್ಬರ ಮಧ್ಯಕ್ಕೆ ಸರ್ಕೋತೀನಿ. ಸಾಲಿನ ಕೊನೇಲಿ ಯಾರವ್ರೆ ಅಂತ ನಂಗ್ಯಾಕೆ?"

ಶಾಂಭವಿ ಪಿಎಚ್‌ಡಿಗೆ ಹಿಡಿದು ಅರ್ಧಕ್ಕೆ ಬಿಟ್ಟ ವಿಷಯವೇ ಅದು. ಯಜಮಾನನಿಲ್ಲದೆ, ಒಬ್ಬೊಬ್ಬರೂ ಅಕ್ಕಪಕ್ಕ ಮಾತ್ರ ನೋಡಿ ಸರಿದರೂ ಇಡೀ ಗುಂಪಿಗೆ ತಾನಾಗಿ ಒಂದು ರೂಪ ಬರುತ್ತದೆ. ಇರುವೆಗೂ ಹಕ್ಕಿಯ ಹಿಂಡಿಗೂ ಅದೇ ಲೆಕ್ಕ. ಇಲ್ಲಿ ಸಮೀಕರಣವೆಂದರೆ ಇಬ್ಬರ ನಡುವಿನ ಮಧ್ಯಬಿಂದು, ಅಷ್ಟೇ. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಅವಳು ಕಾಂತಮ್ಮನ ಗೋಣಿಯ ತುದಿಯಲ್ಲಿ ಕೂತು, ಸಾಲಿನಲ್ಲಿ ಯಾರು ಎಲ್ಲಿಗೆ ಸರಿದರೆಂದು ಬರೆದುಕೊಳ್ಳುತ್ತಿದ್ದಳು.

"ನಿಮ್ ಲೆಕ್ಕಕ್ಕೆ ನಾವು ಬೇಕು, ನಮ್ ಸಂತೆಗೆ ನಿಮ್ ಲೆಕ್ಕ ಬ್ಯಾಡ" ಎಂದು ಅಣಕಿಸುತ್ತಲೇ ಕಾಂತಮ್ಮ ಬುತ್ತಿಯ ಅಕ್ಕಿರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು. ಶಾಂಭವಿಯ ಗಂಡ ತೀರಿಕೊಂಡ ಮೇಲಿನ ಮೊದಲ ಸಂತೆಯಲ್ಲೂ ಹಾಗೆಯೇ ಕೊಟ್ಟಳು. ಏನೂ ಕೇಳಲಿಲ್ಲ.

ಸಾಲಿನ ನಟ್ಟನಡುವೆ ಒಂದು ಜಾಗ ಖಾಲಿಯಾದರೆ ಅದು ಹೇಗೆ ಮುಚ್ಚಿಕೊಳ್ಳುತ್ತದೆಂದು ನೋಡುವ ಆಸೆ ಶಾಂಭವಿಗೆ ಬಹಳ ದಿನದಿಂದ ಇತ್ತು. ಆ ಸೋಮವಾರ ಅದು ಒದಗಿತು. ಏಳು ಗಂಟೆಗೆ ಮೂರು ಮೊಳದ ತೆರವು, ಎಂಟಕ್ಕೆ ಒಂದೂವರೆ, ಒಂಬತ್ತರ ಹೊತ್ತಿಗೆ ಸಾಲಿನುದ್ದಕ್ಕೂ ಹಂಚಿಹೋಗಿ ಕಾಣದಾಯಿತು. ಸರಿಯಿರೆಂದು ಯಾರೂ ಯಾರಿಗೂ ಹೇಳಲಿಲ್ಲ. ಎಲ್ಲ ಬರೆದುಕೊಂಡು, ಬರುವ ವಾರ ಕಾಂತಕ್ಕನಿಗೆ ತೋರಿಸಬೇಕೆಂದುಕೊಂಡಳು. ಯಾಕೆ ಬಂದಿಲ್ಲವೆಂದು ಒಂದು ಫೋನು ಮಾಡಲಿಲ್ಲ.

ಬುಧವಾರ ಕಾಂತಮ್ಮನ ಮಗಳು ರಶ್ಮಿತಾ ಫೋನು ಮಾಡಿದಳು. "ಅವ್ವ ಹೋಗ್ಬಿಟ್ಳು ಮೇಡಂ. ಭಾನುವಾರದಿಂದ ಎದೆನೋವು. ಆಸ್ಪತ್ರೆಗೆ ಹೋಗಣ ಅಂದ್ರೆ ಗ್ಯಾಸು ಅಂತ ಮಲಗೇ ಇದ್ಲು, ನನ್ ಮಾತು ಕೇಳಲಿಲ್ಲ. ನೀವು ಹೇಳಿದ್ರೆ ಕೇಳ್ತಿದ್ಲು."

ಮುಂದಿನ ಸೋಮವಾರ ಶಾಂಭವಿ ಆರು ಗಂಟೆಗೇ ಬಂದು, ಆ ಜಾಗದಲ್ಲಿ ಗೋಣಿ ಹಾಸಿ ಕೂತಳು. ಮುಂದೆ ಮಾರಲು ಏನೂ ಇರಲಿಲ್ಲ. ಬೆಳ್ಳುಳ್ಳಿ ಮಾರುವ ಗಿರಿ, ನಿಂಬೆಹಣ್ಣಿನ ತಂಗಮ್ಮ ಬಂದು ನೋಡಿ, ಮೂರು ಮೊಳ ಬಿಟ್ಟು ಕೂತರು.

ಹತ್ತು ಗಂಟೆಗೆ ತಂಗಮ್ಮ ಟೀ ತಂದುಕೊಟ್ಟಳು. "ಎಷ್ಟು ವಾರ ಕೂರ್ತೀರಿ ಮೇಡಂ?"

"ಆದಷ್ಟು ವಾರ."

"ಕೂರಿ. ನಮಗೇನೂ ಇಲ್ಲ. ಅಪ್ಪಯ್ಯನೋರಿಗೇ ಸ್ವಲ್ಪ..." ಎಂದು ತಂಗಮ್ಮ ಸಾಲಿನ ತುದಿಯ ಕಡೆ ನೋಡಿದಳು.

ಶಾಂಭವಿ ಎದ್ದು ನಿಂತಳು. ಹೋದ ವಾರ ಸಡಿಲವಾದ ಸಾಲು ಹೊಸದಾಗಿ ಬಂದ ಸೊಪ್ಪಿನವಳೊಬ್ಬಳಿಗೆ ಎಡೆ ಕೊಟ್ಟಿತ್ತು. ಈಗ ಶಾಂಭವಿಯೂ ಕೂತಿದ್ದರಿಂದ ಒಬ್ಬೊಬ್ಬರೂ ಇಷ್ಟಿಷ್ಟೇ ಸರಿದು, ಕೊನೆಯಲ್ಲಿ ವೀಳ್ಯದೆಲೆ ಮಾರುವ ಮುದುಕ ಅಪ್ಪಯ್ಯನ ಬುಟ್ಟಿ ಚರಂಡಿ ದಾಟಿ ಬಸ್ಸು ತಿರುಗುವ ರಸ್ತೆಗೆ ಹೋಗಿತ್ತು. ಬಸ್ಸು ಬಂದಾಗಲೆಲ್ಲ ಆತ ಎದ್ದು ಬುಟ್ಟಿ ಎಳೆದುಕೊಳ್ಳುತ್ತಿದ್ದ, ಬಸ್ಸು ಹೋದ ಮೇಲೆ ಮತ್ತೆ ಇಡುತ್ತಿದ್ದ. ಯಾರನ್ನೂ ಬೈಯುತ್ತಿರಲಿಲ್ಲ. ಬೈಯಬೇಕಾದದ್ದು ಯಾರನ್ನೆಂದು ಆತನಿಗೆ ತಿಳಿದಿರಲಿಲ್ಲ.

ಶಾಂಭವಿ ಗೋಣಿ ಮಡಿಸಿದಳು. ಗಿರಿ ತಲೆಯೆತ್ತದೆ ತನ್ನ ಟಾರ್ಪಾಲನ್ನು ಒಂದು ಮೊಳ ಎಳೆದುಕೊಂಡ. ತಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬುಟ್ಟಿ ಸರಿಸಿದಳು. ಅವಳ ಆಚೆಯವರು, ಅವರ ಆಚೆಯವರು. ಇನ್ನೆರಡು ಬಸ್ಸು ಹೋಗುವಷ್ಟರಲ್ಲಿ ಅಪ್ಪಯ್ಯ ಚರಂಡಿಯ ಈಚೆ ಬಂದು ಕೂತಿದ್ದ. ಕಾಂತಮ್ಮ ಇಪ್ಪತ್ತೆರಡು ವರ್ಷ ಕೂತ ನೆಲ ಯಾವುದೆಂದು ಶಾಂಭವಿಗೇ ಗುರುತು ಹತ್ತಲಿಲ್ಲ.

ಹಿಂದಿನಿಂದ ಯಾರೋ, "ಸ್ವಲ್ಪ ಸರೀರಿ, ದಾರಿ ಬಿಡಿ" ಅಂದರು.

ಅವಳು ಸರಿದಳು.